ಒಂದೂ ಮುಕ್ಕಾಲು ಮೀಟರ್

ಶನಿವಾರ ಶಾಲೆಗೆ ರಜೆ.
ನಾಲ್ಕು ಡೆಸ್ಕು ಕೂಡಿಸಿ ನನ್ನ ನಕ್ಷೆ ಹಾಸಿದೆವು.
ಮಪುಟೊದ ಗಾಳಿ ಕಾಗದವನ್ನು ಸುಮ್ಮನೆ ಬಿಡುವುದಿಲ್ಲ;
ಒಂದು ಮೂಲೆಗೆ ಕಲ್ಲು, ಒಂದಕ್ಕೆ ಡಸ್ಟರು, ಒಂದಕ್ಕೆ ಯಾರದೋ ಫೋನು,
ನಾಲ್ಕನೆಯದಕ್ಕೆ ಸಾಲ್ಮಿನಾ ಅಜ್ಜಿಯ ಮೊಣಕೈ.

ಇಂಜಿನಿಯರ್ ಎರ್ಮೆನೆಜಿಲ್ದು ಕೋಲು ಆಡಿಸಿದರು:
ಇಲ್ಲಿ ಕಾಂಡ್ಲಾ. ಇಲ್ಲೂ ಕಾಂಡ್ಲಾ.
ಇದು ಹಲಗೆಯ ಕಾಲುದಾರಿ, ಹಕ್ಕಿ ನೋಡಲು ಬರುವವರಿಗೆ.
ಹಸಿರು ಬಳಿದವಳು ನಾನೇ.
ನಮ್ಮ ಕಂಪ್ಯೂಟರಿನಲ್ಲಿ ಹಸಿರು ಹನ್ನೊಂದು ಬಗೆ,
ಕೆಸರಿಗೆ ಮಾತ್ರ ಒಂದೇ.

ಅಜ್ಜಿ ಕೇಳಿದಳು: ನಾನು ಎಲ್ಲಿ ಇಳಿಯಲಿ?
ಎಲ್ಲಿಗಜ್ಜಿ?
ಬಳಚಿಗೆ.

ಐವತ್ತು ವರ್ಷ ಬೆನ್ನು ಬಗ್ಗಿಸಿ ಬಳಚು ಕೆದಕಿದವಳು.
ಸೊಂಟಕ್ಕೆ ಸುತ್ತಿದ ಕಾಪುಲಾನದ ಮೇಲೆ
ಉಬ್ಬರ ಬಂದು ಹೋದಷ್ಟು ಸಲ ಉಪ್ಪಿನ ಗೆರೆ.
ಕೆಸರಾದ ಕೈ ಯಾರದೋ, ಮೊಸರು ಕಂಡ ಬಾಯಿ ಇನ್ನಾರದೋ.
ಕೋಲು ನಕ್ಷೆಯ ಮೇಲೆ ಸ್ವಲ್ಪ ಹೊತ್ತು ಅಲೆಯಿತು,
ಅವಳು ಇಳಿಯುವ ಜಾಗ ಸಿಗಲಿಲ್ಲ.

ಆಗ ಒಫೇಲಿಯಾ ಟೀಚರು ಎದ್ದು ನಿಂತರು.
ಮೂರು ಸಲ ಮಕ್ಕಳ ಕೈಲಿ ಸಸಿ ನೆಡಿಸಿದ್ದೀರಿ,
ಮೂರು ಸಲವೂ ಟೋಪಿ, ಬ್ಯಾನರು, ಕಿತ್ತಳೆ ಶರಬತ್ತು,
ಮೂರು ಸಲವೂ ಸಸಿ ಒಣಗಿ ಕಡ್ಡಿ.
ಈ ಸಲ ಮಕ್ಕಳನ್ನು ಕಳಿಸೋದಿಲ್ಲ.

ಸಸಿಯದೇನು ತಪ್ಪು, ಎಂದಳು ಅಜ್ಜಿ.
ಬಾಯಿ ಹೊಲಿದ ಕೂಸಿಗೆ ಹಾಲು ತಂದರೆ ಕುಡಿದೀತೆ?
ಮೊಣಕೈ ಎತ್ತಿದಳು, ನಕ್ಷೆ ಸರಕ್ಕನೆ ಸುರುಳಿಯಾಯಿತು.
ಬಿಡಿಸಿ, ರಸ್ತೆಯ ಮೇಲೆ ಬೆರಳಿಟ್ಟಳು:
ಇದರ ಹೊಟ್ಟೆಯಲ್ಲಿ ಮೂರು ಕೊಳವೆ ಇದ್ದಾವೆ.

ನನ್ನ ನಕ್ಷೆಯಲ್ಲಿ ಒಂದೂ ಇರಲಿಲ್ಲ.

ಇಳಿತದ ಹೊತ್ತು ನೋಡಿ ಹೋದೆವು.
ಫುಟ್‌ಬಾಲ್ ಹುಡುಗರ ನಾಯಕ ದೆರ್ಸಿಯು
ಅಂಗಿ ಬಿಚ್ಚಿ ಒಳಗೆ ತೆವಳಿದ.
ಒಂದೊಂದೇ ಹೊರಗೆ ಬಂತು: ಟೈರು. ಟೈರು. ಫ್ರಿಜ್ಜಿನ ಬಾಗಿಲು.
ಸಿಮೆಂಟು ಚೀಲ, ಚೀಲದ ಆಕಾರದಲ್ಲೇ ಕಲ್ಲಾಗಿದ್ದು.
ಒಂದು ಏಡಿ, ತನ್ನ ಮನೆ ಕೆಡವಿದವರನ್ನು
ಕೊಂಬೆತ್ತಿ ಬೈಯುತ್ತ.
ಎರಡು ಪೂರ್ತಿ ಮುಚ್ಚಿವೆ, ಎಂದು ಒಳಗಿಂದ ಕೂಗಿದ,
ಮೂರನೆಯದು ಉಸಿರಾಡುತ್ತಿದೆ.

ಹನ್ನೆರಡೂ ಹತ್ತಕ್ಕೆ ಉಬ್ಬರ ಎಂದು ಪಟ್ಟಿಯಲ್ಲಿತ್ತು. ಬಂತು.
ರಸ್ತೆಯ ಆಚೆ ಎದೆಮಟ್ಟ ನೀರು,
ಈಚೆ ಒಂದು ಊಟದ ತಟ್ಟೆಯಗಲ ತೇವ.
ಎರ್ಮೆನೆಜಿಲ್ದು ಬಹಳ ಹೊತ್ತು ಅದನ್ನೇ ನೋಡಿ
ಹಸಿರು ಅಳಿಸು, ಎಂದರು ನನಗೆ.
ಮೊದಲು ಕೊಳವೆ. ಆಮೇಲೆ ಮಣ್ಣು ಎತ್ತೋದು.
ಸಸಿ ಕೊನೆಗೆ, ಬೇಕಾದರೆ. ಬೀಜ ನೀರೇ ತಂದೀತು.

ಎಷ್ಟು ಮಣ್ಣು?
ಒಂದೂ ಮುಕ್ಕಾಲು ಮೀಟರಿನ ಗೆರೆ ಎಳಿ.
ಮಣ್ಣು ಹೇರುವ ಮೊದಲಿನ ಹಳೆಯ ಅಳತೆಯ ಮೇಲೆ.
ಅದರ ಕೆಳಗಿನದೆಲ್ಲ ಸಮುದ್ರದ್ದು ಅಂದುಕೋ.

ರಾತ್ರಿ ಮನೆಯಲ್ಲಿ ಕೂತು ಎಳೆದೆ.
ಗೆರೆ ಉಪ್ಪಿನ ಬಯಲು ದಾಟಿತು, ಗ್ಯಾರೇಜು ದಾಟಿತು,
ಹುಡುಗರ ಮೈದಾನಕ್ಕೆ ನುಗ್ಗಿ ಒಂದು ಗೋಲು ನುಂಗಿತು.
(ಒಂದು ಹೋದರೆ ಹೋಗಲಿ ಅಕ್ಕಾ, ಅಂದಿದ್ದ ದೆರ್ಸಿಯು,
ಎರಡೂ ಹೋದರೆ ನಾವು ಯಾರಿಗೆ ಹೊಡೆಯೋದು?)
ಆಮೇಲೆ ಎಡಕ್ಕೆ ಹೊರಳಿ, ನಮ್ಮ ಬೀದಿಗೆ ಬಂದು,
ನಮ್ಮ ಅಡುಗೆಮನೆಯೊಳಗೆ ಹೊಕ್ಕು ಆಚೆ ಹೊರಟಿತು.

ಹನ್ನೆರಡು ಲಾರಿ ಕೆಂಪು ಮಣ್ಣು ಸುರಿಸಿ ಕಟ್ಟಿದ ಮನೆ.
ಹದಿಮೂರನೆಯ ಲಾರಿಗೆ ದುಡ್ಡು ಸಾಲಲಿಲ್ಲ,
ಅದಕ್ಕೇ ಫೆಬ್ರುವರಿಯಲ್ಲಿ ಒಲೆಯ ಕಟ್ಟೆ ಬೆವರುತ್ತದೆ.
ಗಂಡ ಒಳಗೆ ಗೊರಕೆ ಹೊಡೆಯುತ್ತಿದ್ದ.
ಒಂದು ಬಿಂದು ಹಿಡಿದು ಆಚೆ ಎಳೆದರೆ ಸಾಕು,
ಗೆರೆ ಹಿತ್ತಿಲ ಹೊರಗೆ ಬಾಗುತ್ತದೆ. ಯಾರೂ ಕೇಳುವುದಿಲ್ಲ.
ಎಳೆದೆ. ನೋಡಿದೆ. ಮತ್ತೆ ಇದ್ದಲ್ಲಿಗೇ ತಂದೆ.
ಮತ್ತೆ ಎಳೆದೆ.

ಸೋಮವಾರ ಸಾಲ್ಮಿನಾ ಬಂದು ಮೊಣಕೈ ಊರುತ್ತಾಳೆ.
ಅವಳಿಗೆ ಅಕ್ಷರ ಬಾರದು.
ಮಧ್ಯಾಹ್ನ ಕೊಳವೆಯ ಹತ್ತಿರ, ಅವಳು ಹೇಳಿದ ಹಾಗೆಯೇ,
ಬಳಚಿಗೆ ಇಳಿಯುವ ಅವಳ ದಾರಿ ಬರೆದುಕೊಂಡಿದ್ದೆ:
ಗೋಡಂಬಿ ಮರದಿಂದ ನೇರ, ಬಾವಿಯ ಪಕ್ಕ, ಆಮೇಲೆ ಇಳಿಜಾರು.
ಚುಕ್ಕೆ ಚುಕ್ಕೆಯಾಗಿ ಅದನ್ನೂ ಹಾಕಿದೆ.
ನಮ್ಮ ಹಿತ್ತಿಲಲ್ಲೇ ಹಾದು ಹೋಗುತ್ತಿತ್ತಂತೆ,
ಹನ್ನೆರಡು ಲಾರಿ ಬರುವ ಮೊದಲು.